ಆರು ತಿಂಗಳು ಕಾರು ನಿಲ್ಲಿಸಿ ಹೋಗಬೇಕು: ಲಿಫ್ಟ್ ಹಾಕಿಸಲಾ, ಸ್ಟ್ಯಾಂಡ್ ಕೊಡಲಾ, ಹಾಗೇ ಬಿಡಲಾ?

ಸರಸ್ವತಿಪುರಂ ಎಂಟುನೂರು:
ಎಲ್ಲರಿಗೂ ನಮಸ್ಕಾರ. ಏಪ್ರಿಲ್ ಮಧ್ಯದಲ್ಲಿ ನಾನು, ಮನೆಯವರು ಇಬ್ಬರೂ ಮಗನ ಮನೆಗೆ ಅಮೆರಿಕದ ಮಿನ್ನೆಸೋಟಕ್ಕೆ ಹೊರಟಿದ್ದೇವೆ. ವಾಪಸ್ ಬರುವಷ್ಟರಲ್ಲಿ ದಸರಾ ಬಂದಿರುತ್ತದೆ. ಇಲ್ಲಿ ಮೈಸೂರಿನ ಮನೆಯಲ್ಲಿ ಎರಡು ಕಾರು. ಒಂದು 2004ರ ಮಾರುತಿ 800, ಎಂಪಿಎಫ್‌ಐ (ಕಾರ್ಬುರೇಟರ್ ಅಲ್ಲ, ಇಂಜೆಕ್ಟರ್ ಇರುವುದು). ಇನ್ನೊಂದು 2021ರ ಐ20. ಪೋರ್ಟಿಕೋದಲ್ಲಿ ಒಂದಕ್ಕೇ ಜಾಗ. ಐ20 ರಸ್ತೆಯಲ್ಲಿ ಹೊಂಗೆ ಮರದ ಕೆಳಗೆ ನಿಲ್ಲುತ್ತದೆ.

ಮಗನ ಪಕ್ಕದ ಮನೆಯವರು ಪ್ರತಿ ಚಳಿಗಾಲ ತಮ್ಮ ಹಳೇ ಕಾರನ್ನು ಗ್ಯಾರೇಜಿನೊಳಗೆ ನಾಲ್ಕು ಕಂಬದ ಲಿಫ್ಟ್ ಮೇಲೆ ಎತ್ತಿಡುತ್ತಾರಂತೆ. ಅದರ ಕೆಳಗೆ ದಿನಾ ಓಡಿಸುವ ಕಾರು. ಮಗ ವಿಡಿಯೋ ಕಳಿಸಿ, "ಅಪ್ಪಾ, ನಮ್ಮನೇಲೂ ಒಂದು ಹಾಕಿಸೋಣ, ಎರಡು ಕಾರೂ ಒಳಗೇ ಇರುತ್ತೆ" ಅಂತ ಹಠ ಹಿಡಿದಿದ್ದಾನೆ. ಎತ್ತಿಟ್ಟರೆ ಟೈರು, ಸ್ಪ್ರಿಂಗು ಉಳಿಯುತ್ತವೆ ಅಂತ ಅವನ ವಾದ. ನಿಜವಾಗಿ ಉಪಯೋಗ ಇದೆಯಾ? ತಿಳಿದವರು ಹೇಳಿ.

ಬೋಗಾದಿ ಅಂಬಿ:
ಸರ್, ಸರಸ್ವತಿಪುರಂನಲ್ಲಿ ಯಾವಾಗಿಂದ ಹಿಮ ಬೀಳೋಕೆ ಶುರುವಾಯ್ತು? 😄
ತಮಾಷೆಗೆ ಹೇಳಿದೆ, ಬೇಜಾರು ಮಾಡ್ಕೋಬೇಡಿ. ನನ್ನ ಹತ್ತಿರ 1989ರ ಅಂಬಾಸಡರ್ ಇದೆ. ಅದು ನಿಂತೇ ಇರುವುದು ಜಾಸ್ತಿ. ಹಾಗಾಗಿ ಈ ಚರ್ಚೆಯಲ್ಲಿ ನನಗೂ ಪಾಲಿದೆ.

ಮಿನ್ನೆಸೋಟ ಮದ್ದೂರಿನವ:
ಸರ್, ನಾನು ಇಲ್ಲೇ ಇರುವವನು. ಲಿಫ್ಟ್ ಇಟ್ಟುಕೊಂಡ ಗೆಳೆಯರೂ ಇದ್ದಾರೆ. ಮೊದಲು ಇಲ್ಲಿ ಯಾಕೆ ಎತ್ತಿಡುತ್ತಾರೆ ಅಂತ ಹೇಳುತ್ತೇನೆ.

ಇಲ್ಲಿ ನವೆಂಬರ್‌ನಿಂದ ಏಪ್ರಿಲ್‌ವರೆಗೆ ರಸ್ತೆಗೆ ಉಪ್ಪು ಸುರಿಯುತ್ತಾರೆ. ಉಪ್ಪು ಬೆರೆತ ನೀರು ಸೊನ್ನೆ ಡಿಗ್ರಿಗೆ ಹೆಪ್ಪುಗಟ್ಟುವುದಿಲ್ಲ, ಹಾಗಾಗಿ ಮಂಜುಗಡ್ಡೆ ಕರಗುತ್ತದೆ. ಸೊನ್ನೆಗಿಂತ ಒಂಬತ್ತು ಹತ್ತು ಡಿಗ್ರಿ ಕೆಳಗೆ ಹೋದರೆ ಬರೀ ಉಪ್ಪು ಸರಿಯಾಗಿ ಕೆಲಸ ಮಾಡುವುದಿಲ್ಲ. ಆಗ ಕ್ಯಾಲ್ಸಿಯಂ ಕ್ಲೋರೈಡ್, ಮೆಗ್ನೀಸಿಯಂ ಕ್ಲೋರೈಡ್ ಬೆರೆಸುತ್ತಾರೆ. ಆ ಕೆಸರು ಕಾರಿನ ತಳಕ್ಕೆ ಹತ್ತಿ ಬ್ರೇಕ್ ಪೈಪ್, ಸೈಲೆನ್ಸರ್, ಬಾಗಿಲ ಅಂಚು ಎಲ್ಲವನ್ನೂ ತಿಂದುಹಾಕುತ್ತದೆ. ಪ್ರೀತಿಯ ಕಾರನ್ನು ಆ ರಸ್ತೆಗೆ ಇಳಿಸಲೇಬಾರದು ಅನ್ನುವುದು ಮೊದಲ ಕಾರಣ. ಎರಡನೆಯದು ಜಾಗ. ಹೊರಗೆ ನಿಲ್ಲಿಸಿದರೆ ಬೆಳಿಗ್ಗೆ ಹಿಮ ಕೆರೆಯಬೇಕು. ಅದಕ್ಕೇ ಒಂದರ ಮೇಲೊಂದು.

ಟೈರು ಉಳಿಯುತ್ತದೆ ಅನ್ನುವುದು ನಾಲ್ಕು ಕಂಬದ ಲಿಫ್ಟ್‌ಗೆ ಅನ್ವಯಿಸುವುದೇ ಇಲ್ಲ. ಅದರಲ್ಲಿ ಕಾರು ಎರಡು ಹಲಗೆಗಳ ಮೇಲೆ ತನ್ನ ಚಕ್ರದ ಮೇಲೇ ನಿಂತಿರುತ್ತದೆ. ನೆಲದ ಮೇಲೆ ನಿಂತಂತೆಯೇ, ಎತ್ತರ ಮಾತ್ರ ಬೇರೆ. ಚಕ್ರ ಗಾಳಿಯಲ್ಲಿ ನೇತಾಡುವುದು ಎರಡು ಕಂಬದ ಲಿಫ್ಟ್‌ನಲ್ಲಿ, ಅದು ರಿಪೇರಿಗೆ.

ಹೆಬ್ಬಾಳ ಗ್ಯಾರೇಜ್:
ಮದ್ದೂರಿನವರು ಸರಿಯಾಗಿ ಹೇಳಿದರು. ನಮ್ಮಲ್ಲಿ ಎರಡು ಕಂಬದ್ದೇ ಇರುವುದು. ಅದರ ಮೇಲೆ ತಿಂಗಳುಗಟ್ಟಲೆ ಬಿಡಲು ನಾನಂತೂ ಒಪ್ಪುವುದಿಲ್ಲ. ಚಕ್ರ ನೇತಾಡಿದರೆ ಶಾಕ್ ಅಬ್ಸಾರ್ಬರ್‌ನ ರಾಡ್ ಪೂರ್ತಿ ಹೊರಗೆ ಬರುತ್ತದೆ. ಮಳೆಗಾಲದ ತೇವಕ್ಕೆ ಅದರ ಹೊಳಪಿನ ಮೇಲೆ ತುಕ್ಕಿನ ಚುಕ್ಕಿ ಬಿತ್ತು ಅಂದರೆ ಮುಂದೆ ಆ ಚುಕ್ಕಿಯೇ ಸೀಲ್ ಹರಿಯುತ್ತದೆ, ಆಯಿಲ್ ಸೋರುತ್ತದೆ. ಸಸ್ಪೆನ್ಷನ್ ಬುಷ್‌ಗಳನ್ನು (ಕೀಲುಗಳಲ್ಲಿನ ರಬ್ಬರ್ ಬಳೆ) ಕಾರು ನೆಲದ ಮೇಲೆ ನಿಂತಿರುವಾಗಿನ ಮಟ್ಟಕ್ಕೆ ಟೈಟ್ ಮಾಡಿರುತ್ತಾರೆ. ನೇತಾಡುವಾಗ ಆ ರಬ್ಬರು ತಿರುಚಿಕೊಂಡೇ ಇರುತ್ತದೆ. ಒಂದು ದಿನದ ಕೆಲಸಕ್ಕೆ ಏನೂ ಆಗಲ್ಲ. ಆರು ತಿಂಗಳು ಬೇರೆ ಮಾತು.

ಸಿವಿಲ್ ಮೇಡಂ:
ಕಾರಿನ ವಿಷಯ ನೀವೆಲ್ಲ ನೋಡಿಕೊಳ್ಳಿ. ನನ್ನ ಪ್ರಶ್ನೆ ಒಂದೇ. ಸರ್, ನಿಮ್ಮ ಮನೆಯ ಸಂಪು ಎಲ್ಲಿದೆ?

ಸರಸ್ವತಿಪುರಂ ಎಂಟುನೂರು:
ಪೋರ್ಟಿಕೋ ಕೆಳಗೇ ಮೇಡಂ. ಗೇಟಿನಿಂದ ನಾಲ್ಕು ಹೆಜ್ಜೆ.

ಸಿವಿಲ್ ಮೇಡಂ:
ಹಾಗೇ ಅಂದುಕೊಂಡೆ. ಮೈಸೂರಿನಲ್ಲಿ ಎಷ್ಟೋ ಮನೆಗಳ ಕಥೆ ಇದೇ. ಹಾಗಿದ್ದರೆ ಲಿಫ್ಟ್ ಮಾತು ಇಲ್ಲಿಗೇ ನಿಲ್ಲಿಸಿ.

ನಾಲ್ಕು ಕಂಬದ ಲಿಫ್ಟ್‌ನ ತೂಕವೇ ಹೆಚ್ಚುಕಡಿಮೆ ನಿಮ್ಮ 800ರಷ್ಟು ಇರುತ್ತದೆ. ಅದರ ಮೇಲೆ ಕಾರಿನ 650 ಕೆಜಿ ಚಿಲ್ಲರೆ. ಇದೆಲ್ಲ ನಾಲ್ಕು ಸಣ್ಣ ಪ್ಲೇಟುಗಳ ಮೂಲಕ ನೆಲಕ್ಕೆ ಇಳಿಯಬೇಕು, ಕಂಬ ಅಲ್ಲಾಡದ ಹಾಗೆ ಆ ಪ್ಲೇಟನ್ನು ಸಾಮಾನ್ಯವಾಗಿ ಬೋಲ್ಟ್ ಹಾಕಿ ಬಿಗಿಯುತ್ತಾರೆ. ಕೆಳಗೆ ಗಟ್ಟಿ ಮಣ್ಣು, ಮೇಲೆ ಕನಿಷ್ಠ ನಾಲ್ಕು ಇಂಚು ಒಳ್ಳೆ ಕಾಂಕ್ರೀಟ್ ಇದ್ದರೆ ಸರಿ. ಸಂಪಿನ ಸ್ಲ್ಯಾಬ್ ಕೆಳಗೆ ನೀರು ಮತ್ತು ಗಾಳಿ. ಆ ಸ್ಲ್ಯಾಬನ್ನು ಕಾರು ಮೇಲೆ ಹಾದುಹೋಗುವ ಲೆಕ್ಕಕ್ಕೆ ಹಾಕಿರುತ್ತಾರೆ, ಕಂಬ ನೆಡುವ ಲೆಕ್ಕಕ್ಕಲ್ಲ. ಅದಕ್ಕೆ ಡ್ರಿಲ್ ಹೊಡೆದರೆ ಕಂಬಿಗೆ ತೇವ ಹೋಗುತ್ತದೆ, ಕುಡಿಯುವ ನೀರಿಗೆ ಚರಂಡಿ ನೀರು ಇಳಿಯಲು ದಾರಿಯೂ ಆಗುತ್ತದೆ.

ಎತ್ತರವನ್ನೂ ನೋಡಿ. 800ರ ಎತ್ತರ ಸುಮಾರು 1.4 ಮೀಟರ್, ಐ20ಯದು 1.5. ಎರಡೂ ಸೇರಿ 2.9. ಹಲಗೆಯ ದಪ್ಪ, ಮೇಲೆ ಕೆಳಗೆ ಒಂದಿಷ್ಟು ಗ್ಯಾಪ್ ಸೇರಿಸಿದರೆ 3.1 ಮೀಟರ್ ದಾಟುತ್ತದೆ. ಅಂದರೆ ಹತ್ತು ಅಡಿಗಿಂತ ಜಾಸ್ತಿ. ನಿಮ್ಮ ಪೋರ್ಟಿಕೋದಲ್ಲಿ ಬೀಮ್ ಕೆಳಗೆ ಎಷ್ಟಿದೆ, ಟೇಪ್ ಹಿಡಿದು ನೋಡಿ.

ಸರಸ್ವತಿಪುರಂ ಎಂಟುನೂರು:
ಈಗಲೇ ಅಳೆದೆ. ಒಂಬತ್ತು ಅಡಿ ನಾಲ್ಕು ಇಂಚು. ಮಗನಿಗೆ ನಿಮ್ಮ ಉತ್ತರವನ್ನೇ ಕಳಿಸುತ್ತೇನೆ, ನಾನು ಹೇಳಿದರೆ ಕೇಳುವುದಿಲ್ಲ.

ಸರಿ, ಲಿಫ್ಟ್ ಬೇಡ. ನಾಲ್ಕು ಜಾಕ್ ಸ್ಟ್ಯಾಂಡ್ (ಎತ್ತಿದ ಕಾರನ್ನು ಹೊರುವ ಕಬ್ಬಿಣದ ಕಾಲು) ಕೊಟ್ಟು ಚಕ್ರ ನೆಲ ಬಿಡಿಸಿ ಇಟ್ಟರೆ? ಟೈರು ಚಪ್ಪಟೆ ಆಗುತ್ತದೆ ಅನ್ನುತ್ತಾರಲ್ಲ.

ಗದ್ದೆಬದಿ ಮಂಡ್ಯ:
ಅಣ್ಣ, ಸ್ಟ್ಯಾಂಡ್ ಯಾಕೆ ಕಾಸು ಕೊಟ್ಟು ತರ್ತೀರಿ. ನಮ್ಮ ಟ್ರೇಲರ್‌ಗೆ ನಾಲ್ಕು ಮೂಲೆಗೆ ಸೈಜುಗಲ್ಲು ಕೊಟ್ಟು ಎತ್ತಿಟ್ಟಿದ್ದೀವಿ, ಕಬ್ಬು ಕಟಾವು ಬರೋವರೆಗೂ ಹಂಗೇ ಇರುತ್ತೆ. ಕಲ್ಲು ಸಿಗದಿದ್ರೆ ಸಿಮೆಂಟ್ ಇಟ್ಟಿಗೆ.

ಹೆಬ್ಬಾಳ ಗ್ಯಾರೇಜ್:
ಅಣ್ಣಾ, ಸಿಮೆಂಟ್ ಇಟ್ಟಿಗೆ ಮಾತ್ರ ದಯವಿಟ್ಟು ಯಾರಿಗೂ ಹೇಳಬೇಡಿ. ಟೊಳ್ಳು ಬ್ಲಾಕ್ ಗೋಡೆಯಲ್ಲಿ ಸಾಲಾಗಿ ಕೂತಾಗ ಭಾರ ಹೊರುತ್ತದೆ. ಕಾರಿನ ಸಣ್ಣ ಅಂಚು ಒಂದೇ ಕಡೆ ಒತ್ತಿದರೆ ಮುನ್ಸೂಚನೆಯೇ ಇಲ್ಲದೆ ಪುಡಿಯಾಗುತ್ತದೆ. ಬಿರುಕು ಬಿಟ್ಟು ಹೇಳುವುದಿಲ್ಲ, ಒಮ್ಮೆಗೇ ಕುಸಿಯುತ್ತದೆ. ಬರೀ ಜಾಕ್ ಮೇಲೆ ಬಿಡುವುದೂ ಅಷ್ಟೇ. ಹೈಡ್ರಾಲಿಕ್ ಜಾಕ್ ಎತ್ತಲು ಇರುವುದು, ಹೊರಲು ಅಲ್ಲ. ರಬ್ಬರ್ ಸೀಲ್ ಮೇಲೆ ನಂಬಿಕೆ ಇಟ್ಟು ಯಾರೂ ಕೆಳಗೆ ಕೈ ಹಾಕಬಾರದು.

ಟ್ರೇಲರ್‌ಗೆ ಸೈಜುಗಲ್ಲು ನಡೆಯುತ್ತೆ. ಅದಕ್ಕೆ ದಪ್ಪ ಚಾಸಿ, ಅಂದರೆ ಕೆಳಗೆ ಕಬ್ಬಿಣದ ಚೌಕಟ್ಟು ಇದೆ. 800ಕ್ಕೆ ಚಾಸಿಯೇ ಇಲ್ಲ, ಬಾಡಿಯೇ ಎಲ್ಲ. ಜಾಕ್ ಪಾಯಿಂಟ್ ಬಿಟ್ಟು ಬೇರೆ ಕಡೆ ಕೊಟ್ಟರೆ ತಗಡು ಒಳಗೆ ಹೋಗುತ್ತೆ.

ಇಷ್ಟೆಲ್ಲ ಆದಮೇಲೂ ಸ್ಟ್ಯಾಂಡ್ ಕೊಡಲೇಬೇಕು ಅಂದರೆ ಬಾಡಿಗೆ ಕೊಡಬೇಡಿ. ಹಿಂದೆ ಆಕ್ಸಲ್ ಕೆಳಗೆ, ಮುಂದೆ ಲೋವರ್ ಆರ್ಮ್ (ಚಕ್ರವನ್ನು ಬಾಡಿಗೆ ಸೇರಿಸುವ ಕೆಳಗಿನ ತೋಳು) ಕೆಳಗೆ ಕೊಟ್ಟರೆ ಸ್ಪ್ರಿಂಗ್ ಮೇಲೆ ಕಾರಿನ ಭಾರ ಇದ್ದೇ ಇರುತ್ತದೆ, ಚಕ್ರ ಮಾತ್ರ ಬಿಡುಗಡೆ. ಅಂಬಿಯವರ ಕಾರಿಗೆ ಇದು ಇನ್ನೂ ಸುಲಭ, ಹಿಂದೆ ಪಟ್ಟಾ ಸ್ಪ್ರಿಂಗ್ ಮತ್ತು ಗಟ್ಟಿ ಆಕ್ಸಲ್.

ಬೋಗಾದಿ ಅಂಬಿ:
ನಾನು ಇವೆಲ್ಲ ಮಾಡುವುದಿಲ್ಲ ಸರ್. ಗಾಳಿ ಜಾಸ್ತಿ ಹೊಡೆಸುತ್ತೇನೆ, ಅಷ್ಟೇ. 30 ಪಿಎಸ್‌ಐ ಹಾಕುವ ಕಡೆ 38. ಟೈರಿನ ಪಕ್ಕದಲ್ಲಿ ಬರೆದ ಗರಿಷ್ಠ ಮಿತಿ ದಾಟಬಾರದು. ಈಗಿನ ರೇಡಿಯಲ್ ಟೈರುಗಳಲ್ಲಿ ನಿಂತು ನಿಂತು ಆಗುವ ಚಪ್ಪಟೆ ಹೆಚ್ಚಿನಂಶ ತಾತ್ಕಾಲಿಕ. ಹೊರಟಾಗ ಸ್ಟೀರಿಂಗ್ ಗಡಗಡ ಅನ್ನುತ್ತೆ. ಶ್ರೀರಂಗಪಟ್ಟಣದವರೆಗೆ ಹೋಗಿ ಬಂದರೆ ಟೈರ್ ಬಿಸಿಯಾಗಿ ಮತ್ತೆ ಗುಂಡಗಾಗುತ್ತೆ. ಗಾಳಿ ಕಡಿಮೆಯಾಗಿ ರಿಮ್ ಮೇಲೆ ಕೂತರೆ ಮಾತ್ರ ಆ ಟೈರ್ ಮುಗಿಯಿತು. ಹಾಗಾಗಿ ಯಾರಾದರೂ ತಿಂಗಳಿಗೊಮ್ಮೆ ಗಾಳಿ ನೋಡಿದರೆ ಸ್ಟ್ಯಾಂಡಿನ ಅಗತ್ಯವೇ ಇಲ್ಲ. ಅದೇ ನೆಪದಲ್ಲಿ ಕಾರನ್ನು ಒಂದು ಅಡಿ ಮುಂದೆ ತಳ್ಳಿದರೆ ಇನ್ನೂ ಒಳ್ಳೆಯದು.

ಮಿನ್ನೆಸೋಟ ಮದ್ದೂರಿನವ:
ಇಲ್ಲೂ ಅನುಭವಸ್ಥರು ಇದೇ ಹೇಳುತ್ತಾರೆ. ಲಿಫ್ಟ್ ಇದ್ದವರೂ ಗಾಳಿ ಜಾಸ್ತಿ ತುಂಬಿಯೇ ಎತ್ತುತ್ತಾರೆ. ಎತ್ತಿದ ಮೇಲೆ ಕಬ್ಬಿಣದ ಲಾಕ್ ಮೇಲೆ ಕೂರಿಸಿ ಆಯಿಲ್ ಪ್ರೆಷರ್ ಬಿಟ್ಟುಬಿಡುತ್ತಾರೆ. ಕೆಳಗಿನ ಕಾರಿನ ಮೇಲೆ ಆಯಿಲ್ ತೊಟ್ಟಿಕ್ಕದಂತೆ ನಡುವೆ ತಟ್ಟೆ ಇಡುತ್ತಾರೆ.

ಇಲ್ಲಿ ಬ್ಯಾಟರಿ ಬಗ್ಗೆ ಭಯ ಜಾಸ್ತಿ. ಪೂರ್ತಿ ಚಾರ್ಜ್ ಇರುವ ಬ್ಯಾಟರಿ ಇಲ್ಲಿನ ಚಳಿಗೆ ಹೆಪ್ಪುಗಟ್ಟುವುದಿಲ್ಲ. ಖಾಲಿಯಾದದ್ದರಲ್ಲಿ ಆಸಿಡ್ ನೀರಾಗಿರುತ್ತದೆ. ಅದು ಗಟ್ಟಿಯಾಗಿ ಡಬ್ಬಿಯೇ ಸೀಳುತ್ತದೆ. ಮೈಸೂರಿನಲ್ಲಿ ಆ ಭಯ ಇಲ್ಲ, ಆದರೆ ಸೆಕೆಗೆ ಬ್ಯಾಟರಿ ತಾನಾಗಿ ಇಳಿಯುವುದು ಬೇಗ.

ಸರಸ್ವತಿಪುರಂ ಎಂಟುನೂರು:
ಪಕ್ಕದ ಮನೆ ಹುಡುಗನಿಗೆ ಕೀ ಕೊಟ್ಟು "ವಾರಕ್ಕೊಮ್ಮೆ ಐದು ನಿಮಿಷ ಸ್ಟಾರ್ಟ್ ಮಾಡಪ್ಪಾ" ಅಂತ ಹೇಳೋಣ ಅಂತಿದ್ದೆ. ಬ್ಯಾಟರಿಗೂ ಇಂಜಿನ್‌ಗೂ ಅದೇ ಸಾಕಲ್ವಾ?

ಹೆಬ್ಬಾಳ ಗ್ಯಾರೇಜ್:
ಸಾಲದು ಸರ್, ಅದರಿಂದ ಕೆಡುಕೇ ಜಾಸ್ತಿ. ಮಳೆಗಾಲ ಮುಗಿದ ಮೇಲೆ ನನ್ನ ಹತ್ತಿರ ಬರುವ ಹಲವು ಕಾರುಗಳು ಹೀಗೆ ಐದೈದು ನಿಮಿಷ ಓಡಿದವು. ಪೆಟ್ರೋಲ್ ಉರಿದರೆ ನೀರಾವಿ ಬರುತ್ತದೆ. ಇಂಜಿನ್ ಪೂರ್ತಿ ಬಿಸಿಯಾಗದಿದ್ದರೆ ಆ ನೀರು ಸೈಲೆನ್ಸರ್ ಒಳಗೇ ಉಳಿಯುತ್ತದೆ, ಸ್ವಲ್ಪ ಆಯಿಲ್‌ಗೂ ಸೇರುತ್ತದೆ. ಸೈಲೆನ್ಸರ್ ಒಳಗಿನಿಂದ ತೂತಾಗುತ್ತದೆ. ಸ್ಟಾರ್ಟರ್ ಎಳೆದ ಕರೆಂಟ್ ಐದು ನಿಮಿಷದಲ್ಲಿ ವಾಪಸ್ ಬರುವುದೂ ಕಷ್ಟ. ಓಡಿಸುವುದಾದರೆ ಹದಿನೈದು ದಿನಕ್ಕೊಮ್ಮೆ ಇಪ್ಪತ್ತು ಮೂವತ್ತು ನಿಮಿಷ ರಸ್ತೆಯಲ್ಲೇ ಓಡಿಸಬೇಕು, ಎಸಿ ಹಾಕಿಕೊಂಡು. ಬ್ರೇಕ್ ಒತ್ತಬೇಕು, ಗೇರ್ ಬದಲಿಸಬೇಕು. ಆಗ ಎಲ್ಲ ಸೀಲಿಗೂ ಎಣ್ಣೆ ಮುಟ್ಟುತ್ತದೆ. ಅದು ಆಗುವುದಿಲ್ಲ ಅಂದರೆ ಮುಟ್ಟಲೇಬೇಡಿ.

ಬ್ಯಾಟರಿಯ ಲೆಕ್ಕ ಸುಲಭ. ಹೊಸ ಕಾರುಗಳಲ್ಲಿ ಲಾಕ್ ಮಾಡಿಟ್ಟರೂ ಅಲಾರಂ, ಕಂಪ್ಯೂಟರ್ ಕರೆಂಟ್ ಎಳೆಯುತ್ತಲೇ ಇರುತ್ತವೆ. 40 ಮಿಲಿಆಂಪ್ ಅಂತ ಇಟ್ಟುಕೊಂಡರೂ ದಿನಕ್ಕೆ ಹತ್ತಿರ ಹತ್ತಿರ 1 ಎಎಚ್ (ಆಂಪಿಯರ್ ಅವರ್). 40 ಎಎಚ್ ಬ್ಯಾಟರಿ ಸುಮಾರು ನಲವತ್ತು ದಿನದಲ್ಲಿ ಖಾಲಿ. ಹೋಗುವ ದಿನ ನೆಗೆಟಿವ್ ಕೇಬಲ್ ಬಿಚ್ಚಿಬಿಡಿ. ಆಮೇಲೆ ತಾನಾಗಿ ಇಳಿಯುವುದು ಮಾತ್ರ ಉಳಿಯುತ್ತದೆ. ಮಲ್ಟಿಮೀಟರ್‌ನಲ್ಲಿ 12.6 ತೋರಿಸಿದರೆ ಫುಲ್. 12.4ಕ್ಕೆ ಇಳಿದರೆ ಚಾರ್ಜ್ ಹಾಕಿಸಿ. ಯಾರೂ ನೋಡುವವರು ಇಲ್ಲದಿದ್ದರೆ ಬ್ಯಾಟರಿ ಬಿಚ್ಚಿ ಪರಿಚಯದ ಬ್ಯಾಟರಿ ಅಂಗಡಿಗೆ ಕೊಟ್ಟು ಹೋಗಿ.

ಗದ್ದೆಬದಿ ಮಂಡ್ಯ:
ಕ್ಲಚ್ ಮರೆತೇಬಿಟ್ರಲ್ಲ ಎಲ್ಲರೂ! ಮಳೆಗಾಲದಲ್ಲಿ ಟ್ರಾಕ್ಟರ್ ಸುಮ್ನೆ ನಿಂತರೆ ಕ್ಲಚ್ ಪ್ಲೇಟು ಫ್ಲೈವೀಲಿಗೆ ಕಚ್ಚಿಕೊಳ್ಳುತ್ತೆ. ಗೇರ್ ಬೀಳಲ್ಲ. ನಾವು ಪೆಡಲ್ ಒತ್ತಿ ಒಂದು ಮರದ ತುಂಡು ಕೊಟ್ಟು ಬಿಡ್ತೀವಿ.

ಕಲ್ಲಿನ ಮಾತು ಬುಡಿ, ನಿಮ್ಮ ಕಾರಿಗೆ ಅದು ಸರಿ ಹೋಗಲ್ಲ ಅಂತ ಗೊತ್ತಾಯ್ತು. ಹ್ಯಾಂಡ್‌ಬ್ರೇಕ್ ಎಳೆದು ಹೋಗ್ಬೇಡಿ ಅಂತ ಮಾತ್ರ ಹೇಳ್ತೀನಿ. ಡ್ರಮ್ಮಿಗೆ ಶೂ ಅಂಟಿದ್ರೆ ಸುತ್ತಿಗೆ ತಗೋಬೇಕಾಗುತ್ತೆ. ಫಸ್ಟ್ ಗೇರಲ್ಲಿ ಹಾಕಿ, ಮುಂದೆ ಹಿಂದೆ ಚಕ್ರಕ್ಕೆ ಕಲ್ಲು ಕೊಡಿ.

ಹೆಬ್ಬಾಳ ಗ್ಯಾರೇಜ್:
ಟ್ರಾಕ್ಟರ್‌ಗೆ ಅದು ಒಳ್ಳೆ ಉಪಾಯ, ಕೆಲವದರಲ್ಲಿ ಪೆಡಲ್ ಹಿಡಿದಿಡಲು ಕೊಕ್ಕೆಯೇ ಇರುತ್ತೆ. ಕಾರಿಗೆ ನಾನು ಹೇಳುವುದಿಲ್ಲ, 800ರಲ್ಲಿ ಕೇಬಲ್ ಎಳೆದೇ ಇರುತ್ತದೆ. ತಿಂಗಳಿಗೊಮ್ಮೆ ಗಾಳಿ ನೋಡಲು ಬರುವವರು ಪೆಡಲ್ ನಾಲ್ಕು ಸಲ ಒತ್ತಿ ಬಿಟ್ಟರೆ ಸಾಕು. ಹ್ಯಾಂಡ್‌ಬ್ರೇಕ್ ಮಾತು ನೂರಕ್ಕೆ ನೂರು ನಿಜ.

ಕುವೆಂಪುನಗರ ಕಲಾ:
ಯಾರೂ ಇಲಿ ಬಗ್ಗೆ ಮಾತೇ ಎತ್ತಿಲ್ಲ. ನಮ್ಮ ರಸ್ತೆಯಲ್ಲಿ ಅದೇ ಮೊದಲ ಸಮಸ್ಯೆ. ನಾವು ಊರಿಗೆ ಹೋಗಿ ಬರುವಷ್ಟರಲ್ಲಿ ಏರ್ ಫಿಲ್ಟರ್ ಡಬ್ಬಿಯೊಳಗೆ ಗೂಡು, ವೈರಿಂಗ್ ಚಿಂದಿ. ಸರಿಮಾಡಿದ ಬಿಲ್ ನೋಡಿ ನಮ್ಮವರು ಎರಡು ದಿನ ಮಾತಾಡಲಿಲ್ಲ.

ಮಿನ್ನೆಸೋಟ ಮದ್ದೂರಿನವ:
ಇಲ್ಲೂ ಸೇಮ್ ಮೇಡಂ. ಚಳಿಗೆ ಇಲಿಗಳೆಲ್ಲ ಗ್ಯಾರೇಜಿಗೇ ಬರುತ್ತವೆ. ಲಿಫ್ಟ್ ಕಂಬವನ್ನೂ ಹತ್ತುತ್ತವೆ.

ಗದ್ದೆಬದಿ ಮಂಡ್ಯ:
ಕಬ್ಬು ಕಡಿದ ಮೇಲೆ ಗದ್ದೆ ಇಲಿ ಪೂರಾ ಮನೆ ಕಡೆ ನುಗ್ಗುತ್ತೆ. ನಮ್ಮ ಕಡೆ ಹೊಗೆಸೊಪ್ಪಿನ ಕಡ್ಡಿ ಕಟ್ಟಿ ಬಾನೆಟ್ ಒಳಗೆ ಇಡ್ತಾರೆ. ಹುಣಸೂರು, ಪಿರಿಯಾಪಟ್ಟಣದ ಕಡೆ ನೆಂಟರಿದ್ರೆ ಪುಕ್ಕಟೆ ಸಿಗುತ್ತೆ.

ಹೆಬ್ಬಾಳ ಗ್ಯಾರೇಜ್:
ಹೊಗೆಸೊಪ್ಪು ಘಾಟು ಇರುವವರೆಗೆ ಮಾತ್ರ. ಮಳೆಗಾಲದಲ್ಲಿ ಬೇಗ ಹೋಗುತ್ತೆ, ಬದಲಿಸುತ್ತಿರಬೇಕು. ನ್ಯಾಫ್ತಲೀನ್ ಗುಳಿಗೆಯೂ ಹಾಗೇ. ಅದನ್ನು ಕಾರಿನೊಳಗೆ ಹಾಕಿದರೆ ಸೀಟಿನ ವಾಸನೆ ವರ್ಷವಾದರೂ ಹೋಗಲ್ಲ. ನಿಜವಾಗಿ ಕೆಲಸ ಮಾಡುವುದು ಸಣ್ಣ ಕಣ್ಣಿನ ಸ್ಟೀಲ್ ಜಾಲರಿ. ಏರ್ ಫಿಲ್ಟರ್ ಬಾಯಿಗೆ, ಸೈಲೆನ್ಸರ್ ಬಾಯಿಗೆ, ಎಸಿ ಗಾಳಿ ಎಳೆಯುವ ಜಾಗಕ್ಕೆ ಕಟ್ಟಿ. ಸ್ಟೀರಿಂಗ್‌ಗೆ "ಜಾಲರಿ ಇದೆ, ಬಿಚ್ಚದೆ ಸ್ಟಾರ್ಟ್ ಮಾಡಬೇಡಿ" ಅಂತ ದೊಡ್ಡ ಅಕ್ಷರದಲ್ಲಿ ಬರೆದು ನೇತುಹಾಕಿ. ಬಾನೆಟ್ ಎತ್ತಿಟ್ಟರೂ ಒಳ್ಳೆಯದು, ಕತ್ತಲು ಇಲ್ಲದ ಕಡೆ ಇಲಿ ಗೂಡು ಕಟ್ಟುವುದು ಕಡಿಮೆ. ಪೋರ್ಟಿಕೋ ಒಳಗೆ ಇದ್ದರೆ ಮಾತ್ರ.

ಬೋಗಾದಿ ಅಂಬಿ:
ಪೆಟ್ರೋಲ್ ಬಗ್ಗೆ ಒಂದು ಜಗಳ ಶುರು ಮಾಡ್ತೀನಿ. ಟ್ಯಾಂಕ್ ಫುಲ್ ಮಾಡಿ ಹೋಗಬೇಕಾ, ಖಾಲಿ ಮಾಡಿ ಹೋಗಬೇಕಾ? ಮೊದಲೆಲ್ಲ ಫುಲ್ ಅನ್ನುತ್ತಿದ್ದರು. ಈಗ ಪೆಟ್ರೋಲ್‌ನಲ್ಲಿ 20 ಪರ್ಸೆಂಟ್ ಎಥನಾಲ್ (ಕಬ್ಬು, ಧಾನ್ಯದಿಂದ ತೆಗೆಯುವ ಆಲ್ಕೋಹಾಲ್) ಬಂದಮೇಲೆ ನನಗೆ ಅನುಮಾನ.

ಕುವೆಂಪುನಗರ ಕಲಾ:
ಖಾಲಿಯೇ ಮೇಲು ಅಲ್ವಾ? ಹಳಸಿದ ಪೆಟ್ರೋಲ್ ಇಟ್ಟುಕೊಂಡು ಏನು ಮಾಡುವುದು?

ಹೆಬ್ಬಾಳ ಗ್ಯಾರೇಜ್:
ಎರಡೂ ಕಡೆ ನ್ಯಾಯ ಇದೆ. ಎಥನಾಲ್ ಗಾಳಿಯ ತೇವ ಹೀರುತ್ತದೆ. ಮಿತಿ ಮೀರಿದರೆ ಎಥನಾಲೂ ನೀರೂ ಒಟ್ಟಾಗಿ ಪೆಟ್ರೋಲ್‌ನಿಂದ ಬೇರೆಯಾಗಿ ತಳಕ್ಕೆ ಕೂರುತ್ತವೆ. ಪಂಪ್ ಎಳೆಯುವುದು ತಳದಿಂದಲೇ. ಟ್ಯಾಂಕ್‌ನಲ್ಲಿ ಖಾಲಿ ಜಾಗ ಇದ್ದಷ್ಟೂ ತೇವದ ಗಾಳಿ ಒಳಗೆ ಬರುತ್ತದೆ, ಕಬ್ಬಿಣದ ಟ್ಯಾಂಕ್ ಆದರೆ ಮೇಲ್ಭಾಗ ತುಕ್ಕೂ ಹಿಡಿಯುತ್ತದೆ. ಹಾಗಾಗಿ 800ಕ್ಕೆ ನನ್ನ ಓಟು ಫುಲ್ ಟ್ಯಾಂಕ್‌ಗೇ. 28 ಲೀಟರ್ ತಾನೇ. ಜೊತೆಗೆ ಫ್ಯೂಯೆಲ್ ಸ್ಟೆಬಿಲೈಸರ್ (ಪೆಟ್ರೋಲ್ ಬೇಗ ಹಳಸದಂತೆ ಬೆರೆಸುವ ದ್ರವ) ಹಾಕಿ, ಹಾಕಿದ ಮೇಲೆ ಹತ್ತು ಕಿಲೋಮೀಟರ್ ಓಡಿಸಿ, ಪೈಪ್‌ನಲ್ಲೆಲ್ಲ ಅದು ತುಂಬಲಿ. ಏಪ್ರಿಲ್ 2023ರಿಂದ ಈಚೆಗೆ ಬಂದ ಕಾರುಗಳ ಪೈಪ್, ಸೀಲ್ ಈ ಪೆಟ್ರೋಲ್ ತಡೆಯುವಂಥವು. 2004ರದ್ದು ಹಾಗಲ್ಲ. ಹೋಗುವ ಮೊದಲು ರಬ್ಬರ್ ಪೈಪುಗಳನ್ನು ಬಗ್ಗಿಸಿ ನೋಡಿ, ಬಿರುಕು ಕಂಡರೆ ಬದಲಿಸಿ.

ಅಂಬಿಯವರದು ಕಾರ್ಬುರೇಟರ್. ಟ್ಯಾಂಕ್‌ನಿಂದ ಪಂಪ್‌ಗೆ ಬರುವ ಪೆಟ್ರೋಲ್ ಪೈಪ್ ಬಿಚ್ಚಿ ಇಂಜಿನ್ ತಾನಾಗಿ ಆಫ್ ಆಗುವವರೆಗೆ ಓಡಿಸಿ. ಇಲ್ಲದಿದ್ದರೆ ಒಳಗಿನ ಪೆಟ್ರೋಲ್ ಒಣಗಿ ಜೆಟ್ ಅನ್ನುವ ಸಣ್ಣ ತೂತಿನಲ್ಲಿ ಅಂಟಾಗುತ್ತದೆ.

ಗದ್ದೆಬದಿ ಮಂಡ್ಯ:
ಕಬ್ಬು ಬೆಳೆಯೋರು ನಾವೇ, ಎಥನಾಲ್ ಕಾಟ ಅನುಭವಿಸೋರೂ ನಾವೇ. ಇರಲಿ.

ಸಿವಿಲ್ ಮೇಡಂ:
ಇನ್ನೊಂದು ವಿಷಯ. ಇವರು ಹೋಗುವ ಕಾಲವನ್ನು ನೋಡಿ. ಅಮೆರಿಕದವರು ಎತ್ತಿಡುವುದು ಚಳಿಗಾಲದಲ್ಲಿ. ನಮ್ಮ ಡಿಸೆಂಬರ್, ಜನವರಿ ಕಾರಿಗೆ ಸ್ವರ್ಗ. ಒಣ ಹವೆ, ಹದವಾದ ಚಳಿ. ಇವರು ಬಿಟ್ಟು ಹೋಗುವುದು ಏಪ್ರಿಲ್‌ನಿಂದ ಅಕ್ಟೋಬರ್. ಮೈಸೂರಿಗೆ ಮೇ ತಿಂಗಳ ಗುಡುಗು ಮಳೆ ಒಮ್ಮೆ, ಸೆಪ್ಟೆಂಬರ್, ಅಕ್ಟೋಬರ್‌ನದು ಇನ್ನೊಮ್ಮೆ. ಎರಡನ್ನೂ ಕಾರು ಒಂಟಿಯಾಗಿ ಎದುರಿಸಬೇಕು. ಹಾಗಾಗಿ ಎತ್ತರಕ್ಕಿಂತ ಗಾಳಿಯಾಟದ ಕಡೆ ಗಮನ ಕೊಡಿ. ಪ್ಲಾಸ್ಟಿಕ್ ಕವರ್ ಬೇಡವೇ ಬೇಡ, ಒಳಗೆ ಬೆವರುತ್ತದೆ. ಪೋರ್ಟಿಕೋದಲ್ಲಿ ಹಳೇ ಕಾಟನ್ ಬೆಡ್‌ಶೀಟೇ ಸಾಕು. ಕಿಟಕಿ ಒಂದು ಬೆರಳಿನಷ್ಟು ಇಳಿಸಿ, ಆ ಸಂದಿಗೂ ಜಾಲರಿ. ಸೀಟಿನ ಮೇಲೆ ಬೂಷ್ಟು ಬರುವುದು ಆಗಸ್ಟ್ ಹೊತ್ತಿಗೆ. ಇದ್ದಿಲು ತುಂಬಿದ ಬಟ್ಟೆ ಚೀಲ ಎರಡು ಇಟ್ಟರೆ ತೇವ ಹೀರುತ್ತದೆ.

ಬೋಗಾದಿ ಅಂಬಿ:
ಮತ್ತೆ ಆ ಹೊಂಗೆ ಮರದ ಕೆಳಗಿನ ಐ20? ಆರು ತಿಂಗಳು ರಸ್ತೆಯಲ್ಲೇ?

ಸರಸ್ವತಿಪುರಂ ಎಂಟುನೂರು:
ಅದಕ್ಕೆ ಪರಿಹಾರ ಸಿಕ್ಕಿತು. ನಮ್ಮ ಬಾಮೈದ ಮಂಡ್ಯದಲ್ಲಿದ್ದಾನೆ, ದಿನಾ ಕೆಲಸಕ್ಕೆ ಬೈಕ್‌ನಲ್ಲಿ ಓಡಾಡುತ್ತಾನೆ. ಮಳೆಗಾಲ ಪೂರ್ತಿ ಐ20 ಅವನೇ ಓಡಿಸಲಿ. ಅವನಿಗೂ ಖುಷಿ, ಕಾರಿಗೂ ಒಳ್ಳೆಯದು. ತಿಂಗಳಿಗೊಮ್ಮೆ ಬಂದು 800ರ ಗಾಳಿ, ಬ್ಯಾಟರಿ, ಜಾಲರಿ ನೋಡುತ್ತಾನೆ. 800 ನೆಲದ ಮೇಲೇ ಇರುತ್ತದೆ. ಮಗನೂ ಒಪ್ಪಿದ, ಸಂಪಿನ ಮಾತು ಕೇಳಿ ಸುಮ್ಮನಾದ.

ಬಾಕಿ ಉಳಿದದ್ದು ಕಾಗದ ಪತ್ರ. 800ರ ಇನ್ಶೂರೆನ್ಸ್ ಜೂನ್‌ಗೆ ಮುಗಿಯುತ್ತದೆ. ಓಡದ ಕಾರಿಗೆ ಕಟ್ಟಬೇಕಾ?

ಕುವೆಂಪುನಗರ ಕಲಾ:
ಕಟ್ಟಿ ಸರ್, ಹೊರಡುವ ಮೊದಲೇ ಮುಂಗಡವಾಗಿ. ಮುಗಿದು 90 ದಿನದೊಳಗೆ ರಿನ್ಯೂ ಮಾಡದಿದ್ದರೆ ಇಷ್ಟು ವರ್ಷ ಕೂಡಿಸಿದ ನೋ ಕ್ಲೈಮ್ ಬೋನಸ್ (ಕ್ಲೈಮ್ ಮಾಡದವರಿಗೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ) ಹೋಗುತ್ತದೆ. ಜೂನ್‌ನಿಂದ ಲೆಕ್ಕ ಹಾಕಿದರೆ ನೀವು ಬರುವಷ್ಟರಲ್ಲಿ ಆ ಗಡುವು ದಾಟಿರುತ್ತದೆ. ಪೋರ್ಟಿಕೋದಲ್ಲಿ ನಿಂತಿದ್ದರೂ ಬೆಂಕಿ, ಕಳ್ಳತನ, ಮರ ಬೀಳುವುದು ಇದ್ದೇ ಇದೆಯಲ್ಲ. ಎಮಿಷನ್ ಸರ್ಟಿಫಿಕೇಟ್ ಹಳೇ ಕಾರಿಗೆ ಆರು ತಿಂಗಳದ್ದು, ಬಂದ ಮೇಲೆ ಮಾಡಿಸಿದರೆ ಆಯ್ತು. ಆರ್‌ಸಿ ದಿನಾಂಕ ನೋಡಿದ್ದೀರಾ?

ಸರಸ್ವತಿಪುರಂ ಎಂಟುನೂರು:
2019ರಲ್ಲಿ ಒಮ್ಮೆ, 2024ರಲ್ಲಿ ಇನ್ನೊಮ್ಮೆ ರಿನ್ಯೂ ಆಗಿದೆ. 2029ರವರೆಗೆ ಚಿಂತೆಯಿಲ್ಲ.

ಹೆಬ್ಬಾಳ ಗ್ಯಾರೇಜ್:
ಹಾಗಾದರೆ ಹೊರಡುವ ಹಿಂದಿನ ವಾರ ಇಂಜಿನ್ ಆಯಿಲ್ ಬದಲಿಸಿಬಿಡಿ. ಓಡಿದ ಆಯಿಲ್‌ನಲ್ಲಿ ಆಸಿಡ್ ಸೇರಿರುತ್ತದೆ, ಅದು ಆರು ತಿಂಗಳು ಬೇರಿಂಗ್ ಮೇಲೆ ಕೂರುವುದು ಬೇಡ. ಬ್ರೇಕ್ ಆಯಿಲ್ ಎರಡು ವರ್ಷ ದಾಟಿದ್ದರೆ ಅದನ್ನೂ ಬದಲಿಸಿ, ಅದೂ ತೇವ ಹೀರುವ ಜಾತಿಯೇ. ವಾಟರ್ ಸರ್ವೀಸ್ ಮಾಡಿಸಿದ ದಿನವೇ ತಂದು ಮುಚ್ಚಬೇಡಿ. ಒಂದು ದಿನ ಬಿಸಿಲಲ್ಲಿ ಓಡಾಡಿಸಿ, ತಳ ಒಣಗಿದ ಮೇಲೆ ನಿಲ್ಲಿಸಿ.

ಗದ್ದೆಬದಿ ಮಂಡ್ಯ:
ಬಾಮೈದನ ಫೋನಿಗೆ ಜಾಲರಿ ವಿಷಯ ಎರಡು ಸಲ ಹೇಳಿ ಅಣ್ಣ.

ಸರಸ್ವತಿಪುರಂ ಎಂಟುನೂರು:
ಈ ಚರ್ಚೆಯ ಲಿಂಕನ್ನೇ ಅವನಿಗೆ ಕಳಿಸಿದ್ದೇನೆ. ಓದಿ, "ಭಾವ, ಐ20ಗೆ ಪೆಟ್ರೋಲ್ ಯಾರು ಹಾಕಿಸೋದು?" ಅಂತ ಕೇಳಿದ್ದಾನೆ.